ಮಳೆಗಾಲಕ್ಕೆ ಗಮ್ಮು, ಬಿಸಿಲಿಗೆ ಪೈಂಟು: ವಿಮಾನದ ಮಾಡೆಲ್ ಕಟ್ಟುದನ್ನು ಪುನಃ ಶುರು ಮಾಡುವವರಿಗೆ

2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಮಿಗ್-21ನ್ನು ಬೀಳ್ಕೊಟ್ರಲ್ಲ, 1963ರಿಂದ ನಮ್ಮ ವಾಯುಪಡೆಯಲ್ಲಿ ಇದ್ದ ಯುದ್ಧ ವಿಮಾನ ಅದು, ಅದನ್ನು ಟೀವಿಯಲ್ಲಿ ನೋಡಿದ್ಮೇಲೆ ನಮ್ಮ ಕಡೆ ಒಂದಷ್ಟು ಜನಕ್ಕೆ ಹಳೇ ಹುಚ್ಚು ಪುನಃ ಕೆದರಿದ ಹಾಗೆ ಕಾಣ್ತದೆ. ಶಾಲೆಗೆ ಹೋಗುವಾಗ ಗಲ್ಫಿಂದ ಮಾವನೋ ಚಿಕ್ಕಪ್ಪನೋ ತಂದುಕೊಟ್ಟ ಏರ್‌ಫಿಕ್ಸ್ ಕಂಪನಿಯ ಪ್ಲಾಸ್ಟಿಕ್ ವಿಮಾನದ ಡಬ್ಬ ತೆರೆದು ಅಂಟಿಸಿದವರು, ಆಮೇಲೆ ಕಾಲೇಜು, ಕೆಲಸ, ಮದುವೆ, ತೋಟ ಅಂತ ಬಿಟ್ಟವರು, ಈಗ ಅರ್ಧ ಕೂದಲು ಬೆಳ್ಳಗಾದ್ಮೇಲೆ ಒಂದು ಕಿಟ್ ತಕ್ಕೊಳ್ಳುವಾ ಅಂತ ನೋಡ್ತಿರುವವರು, ಇದು ನಿಮಗೆ. ಎನ್‌ಸಿಸಿ ಏರ್ ವಿಂಗಲ್ಲಿ ಬಾಲ್ಸಾ ಮರದಲ್ಲಿ ಮಾಡಿ ಹಾರಿಸ್ತಾರಲ್ಲ, ಅದು ಬೇರೆ ವಿದ್ಯೆ, ಇಲ್ಲಿ ಹೇಳುದು ಶೋಕೇಸಲ್ಲಿ ಇಡುವ ಪ್ಲಾಸ್ಟಿಕ್ ಮಾಡೆಲ್ ಬಗ್ಗೆ ಮಾತ್ರ.

ಯೂಟ್ಯೂಬಲ್ಲಿ ಇದನ್ನು ಕಲಿಸುವವರು ಹೆಚ್ಚಿನವ್ರು ಇಂಗ್ಲೆಂಡಿನವ್ರೋ ಜಪಾನಿನವ್ರೋ. ಅವ್ರು ಹೇಳುದೆಲ್ಲ ಸರಿ, ಆದ್ರೆ ಅವ್ರ್ಯಾರೂ ಬದಿಯಡ್ಕದಲ್ಲಿ ಜುಲೈ ತಿಂಗಳು ಕೂತು ಪೈಂಟ್ ಹೊಡೆದವರಲ್ಲ. ಕಾಸರಗೋಡು ಜಿಲ್ಲೆಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ರ ಮಳೆ ಬೀಳ್ತದೆ, ಅದ್ರಲ್ಲಿ ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ನಾನು ಹೇಳುದು ಇಷ್ಟೇ, ಕೆಲಸವನ್ನು ಮಳೆಗೆ ಸರಿಯಾಗಿ ಎರಡು ಪಾಲು ಮಾಡಿ. ಕತ್ತರಿಸುದು, ಉಜ್ಜುದು, ಅಂಟಿಸುದು, ಪುಟ್ಟಿ ಹಾಕುದು ಎಲ್ಲ ಮಳೆಗಾಲದಲ್ಲಿ. ಸ್ಪ್ರೇ, ವಾರ್ನಿಶ್ ನವೆಂಬರಿಂದ ಮಾರ್ಚ್ ಒಳಗೆ. ಒಂದೇ ವಾರದಲ್ಲಿ ಮುಗಿಸ್ಬೇಕು ಅನ್ನುವ ಆತುರ ಇದ್ರೆ ಮಾತ್ರ ಇದು ಕಷ್ಟ, ಹೇಗೂ ಇಷ್ಟು ವರ್ಷ ಬಿಟ್ಟವರಿಗೆ ನಾಲ್ಕು ತಿಂಗಳು ಎಂತ ಮಹಾ.

ಮೊದ್ಲು ಅಟ್ಟ ಹತ್ತಿ. ಹಳೇ ಕಿಟ್ ಒಂದು ಅಲ್ಲಿ ಇದ್ದೇ ಇರ್ತದೆ, ಅದನ್ನು ಕೂಡ್ಲೆ ಕಟ್ಲಿಕ್ಕೆ ಹೊರಡ್ಬೇಡಿ, ಬರೀ ತೆರೆದು ನೋಡಿ. ಸೂಚನೆ ಹಾಳೆಯಲ್ಲಿ ಇರುವ ನಂಬರಿಗೆ ಸರಿಯಾಗಿ ಪಾರ್ಟ್ಸ್ ಎಲ್ಲ ಉಂಟಾ ಅಂತ ಲೆಕ್ಕ ಹಾಕಿ. ಹಂಚಿನ ಅಡಿಯ ಬೇಸಿಗೆ ಸೆಕೆಗೆ ರೆಕ್ಕೆಯೋ ಬಾಡಿಯೋ ಬಾಗಿದ್ರೆ ಕೈಗೆ ಬಿಸಿ ತಾಗುವಷ್ಟು ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು ನಿಧಾನ ತಿದ್ದಿ, ಹಾಗೇ ಹಿಡ್ಕೊಂಡು ತಣ್ಣೀರಿಗೆ ಹಾಕಿ, ಕುದಿಯುವ ನೀರು ಮಾತ್ರ ಬೇಡ. ಮೆತ್ತಗಿನ ಕಪ್ಪು ರಬ್ಬರಿನ ಹಾಗಿರುವ ಚಕ್ರ ಇದ್ರೆ ಅದು ಯಾವುದಾದ್ರೂ ಪಾರ್ಟಿಗೆ ತಾಗಿಕೊಂಡು ಇತ್ತಾ ನೋಡಿ, ಆ ವಿನೈಲಿನಲ್ಲಿರುವ ಎಣ್ಣೆಯಂತದ್ದು ವರ್ಷಗಟ್ಲೆ ತಾಗಿ ಕೂತ್ರೆ ಪ್ಲಾಸ್ಟಿಕನ್ನೇ ಕರಗಿಸ್ತದೆ. ಟ್ಯೂಬ್ ಗಮ್ಮು ಕಲ್ಲಾಗಿರ್ತದೆ, ಬಿಸಾಡಿ. ಡೀಕಾಲ್ (ನೀರಲ್ಲಿ ನೆನೆಸಿ ವಿಮಾನದ ಮೇಲೆ ಜಾರಿಸಿ ಅಂಟಿಸುವ ಗುರುತು, ನಂಬ್ರಗಳ) ಹಾಳೆ ಹಳದಿಯಾಗಿದ್ರೆ ಜಿಪ್ ಲಾಕ್ ಕವರಲ್ಲಿ ಹಾಕಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಒಳಗಿಂದ ಅಂಟಿಸಿಡಿ, ಒಂದೆರಡು ವಾರದಲ್ಲಿ ಹಳದಿ ಬಹಳಷ್ಟು ಇಳೀತದೆ, ಇದು ಕೂಡ ಡಿಸೆಂಬರಿನ ಕೆಲಸ ಅಂತ ಬೇರೆ ಹೇಳ್ಬೇಕಾ. ಬೇಡದ ಒಂದು ಸಣ್ಣ ಡೀಕಾಲನ್ನು ನೀರಿಗೆ ಹಾಕಿ ನೋಡಿ. ಅದು ಚೂರು ಚೂರಾದ್ರೆ ಇಡೀ ಹಾಳೆಗೆ ಗ್ಲಾಸ್, ಅಂದ್ರೆ ಹೊಳಪಿನ, ವಾರ್ನಿಶ್ ಒಂದು ಕೋಟ್ ಕೊಟ್ಟು ಒಣಗಿಸಿ ಆಮೇಲೆ ಒಂದೊಂದನ್ನೇ ಅಂಚಿಗೆ ಸರಿಯಾಗಿ ಕತ್ತರಿಸಿ ಬಳಸ್ಬಹುದು. ಜಿರಳೆ ತಿಂದಿದ್ರೆ ಎಂತ ಮಾಡ್ಲಿಕ್ಕೂ ಆಗುದಿಲ್ಲ ಮಾರಾಯ್ರೆ, ಆ ಹಾಳೆಯ ಹಿಂದೆ ಇರುವ ಗಮ್ಮು ಅದಕ್ಕೆ ಬಹಳ ಇಷ್ಟ.

ಈ ಹಳೇ ಕಿಟ್ಟನ್ನು ಎರಡನೆಯದ್ದೋ ಮೂರನೆಯದ್ದೋ ಆಗಿ ಕಟ್ಟಿ. ಮೊದಲನೆಯದ್ದಕ್ಕೆ ಹೊಸ ಅಚ್ಚಿನ ಒಂದು ಸಣ್ಣ ಕಿಟ್ ತಕ್ಕೊಳ್ಳಿ, ಯಾಕೆಂದ್ರೆ ಈ ಮಧ್ಯೆ ಕಿಟ್ಟುಗಳು ಎಷ್ಟು ಬದಲಾಗಿವೆ ಅಂತ ನಿಮಗೆ ಗೊತ್ತಾಗುದೇ ಆಗ. ಮೊದ್ಲು ರೆಕ್ಕೆ ಮೇಲಿನ ಗೆರೆಗಳು ಉಬ್ಬಿಕೊಂಡು ಇರ್ತಿದ್ವು, ಉಜ್ಜಿದ ಕೂಡ್ಲೆ ಮಾಯ. ಈಗ ಗೆರೆ ಒಳಗೆ ತಗ್ಗಿರ್ತದೆ, ಅಚ್ಚು ಕಂಪ್ಯೂಟರಲ್ಲಿ ಮಾಡಿದ್ದು, ಎರಡು ಪಾರ್ಟ್ ಹಿಡಿದ್ರೆ ಪುಟ್ಟಿಯೇ ಬೇಡ ಅನ್ನುವಷ್ಟು ಸರಿ ಕೂರ್ತದೆ. ಜಪಾನಿನ ತಾಮಿಯಾ, ಹಸೆಗಾವ, ಝೆಕ್ ದೇಶದ ಎಡುವಾರ್ಡ್, ಏರ್‌ಫಿಕ್ಸಿನದ್ದೇ ಇತ್ತೀಚಿನ ಅಚ್ಚುಗಳು, ಯಾವುದಾದ್ರೂ ಆಗ್ತದೆ. ಆದ್ರೆ ಒಂದು ಜಾಗ್ರತೆ, ಡಬ್ಬದ ಚಿತ್ರ ಹೊಸತು ಇದ್ರೂ ಒಳಗೆ ಐವತ್ತು ವರ್ಷ ಹಳೆಯ ಅಚ್ಚೇ ಇರುದು ಉಂಟು, ತಕ್ಕೊಳ್ಳುವ ಮೊದ್ಲು ಆ ಕಿಟ್ಟಿನ ಅಚ್ಚು ಯಾವ ವರ್ಷದ್ದು ಅಂತ ನೆಟ್ಟಲ್ಲಿ ಹುಡುಕಿ ನೋಡಿ.

ಸ್ಕೇಲ್ ಯಾವುದು? 1/72 ಅಂದ್ರೆ ನಿಜ ವಿಮಾನದ 72ರಲ್ಲಿ ಒಂದು ಪಾಲು ಉದ್ದ. ಮಿಗ್-21ರ ರೆಕ್ಕೆ ತುದಿಯಿಂದ ತುದಿಗೆ 7.15 ಮೀಟರ್. 1/72 ರಲ್ಲಿ ಅದು 10 ಸೆಂಟಿಮೀಟರ್, 1/48 ರಲ್ಲಿ 15, 1/32 ರಲ್ಲಿ 22ರ ಮೇಲೆ. ಮೊದ್ಲೆಲ್ಲ ನಾವು ಕಟ್ಟಿದ್ದು ಹೆಚ್ಚು 1/72, ಆಗ ಕಣ್ಣು ಚೆನ್ನಾಗಿತ್ತು. ನಲ್ವತ್ತೈದು ದಾಟಿದವರು ಸುಮ್ನೆ 1/48ಕ್ಕೆ ಹೋಗಿ, ಕಾಕ್‌ಪಿಟ್ಟಿನ ಪಾರ್ಟ್ಸ್ ಕೈಗೆ ಸಿಗ್ತದೆ, ಬೆಲೆ ಸ್ವಲ್ಪ ಜಾಸ್ತಿ ಅಷ್ಟೆ. ದೊಡ್ಡ ವಿಮಾನದ ಆಸೆ ಇದ್ದವ್ರು ಮನೆಯ ಕಪಾಟು ಅಳೆದು ನೋಡಿ ಮೊದ್ಲು. ಕಾರವಾರದ ಬೀಚಲ್ಲಿ ನೌಕಾಪಡೆಯ ಟುಪೊಲೆವ್ ಟಿಯು-142 ನಿಲ್ಸಿದ್ದಾರಲ್ಲ, ಅದ್ರ ರೆಕ್ಕೆ 50 ಮೀಟರ್, 1/72 ರಲ್ಲಿ ಮಾಡಿದ್ರೂ 70 ಸೆಂಟಿಮೀಟರ್ ಹತ್ರ ಆಯ್ತು, ಅದನ್ನು ಎಲ್ಲಿ ಇಡುದು ಅಂತ ಮನೆಯವ್ರ ಹತ್ರ ಒಂದು ಮಾತು ಕೇಳಿ. ಅಂತದ್ದಕ್ಕೆ 1/144 ಸರಿ.

ಯಾವ ವಿಮಾನ ಅನ್ನುದಕ್ಕೆ ನನ್ನ ಅಭಿಪ್ರಾಯ, ಮೊದಲನೆಯದ್ದು ಹಸಿರು ಕಂದು ಪಟ್ಟೆಯ ಬಣ್ಣದ್ದಾಗ್ಲಿ. ಸ್ಪಿಟ್‌ಫೈರ್, ಹರಿಕೇನ್ ಒಳ್ಳೆಯದು, ನಮ್ಮ ವಾಯುಪಡೆಯೇ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಇವೆರಡನ್ನೂ ಹಾರಿಸಿದೆ, ಹಾಗಾಗಿ ಹೊರಗಿನದ್ದು ಅಂತಲೂ ಹೇಳ್ಲಿಕ್ಕಾಗುದಿಲ್ಲ. ಪಟ್ಟೆ ಬಣ್ಣದಲ್ಲಿ ಸಣ್ಣಪುಟ್ಟ ಉಜ್ಜಿದ ಗುರುತು ಮುಚ್ಚಿ ಹೋಗ್ತದೆ. ಹಳೇ ಮಿಗ್ಗಿನ ಹೊಳೆಯುವ ಬರೀ ಲೋಹದ ಬಣ್ಣ ನೋಡ್ಲಿಕ್ಕೆ ಚೆಂದ, ಆದ್ರೆ ಒಂದು ಗೀರು ಇದ್ರೂ ಅದೇ ಎದ್ದು ಕಾಣ್ತದೆ. ಮಿಗ್ಗೇ ಬೇಕು ಅನ್ನುವವ್ರು ಬೂದು ಬಣ್ಣದ ಬೈಸನ್ (ಮಿಗ್-21ರ ಸುಧಾರಿಸಿದ ರೂಪ) ಮಾಡಿ. ನ್ಯಾಟ್ ಅನ್ನುವ ಸಣ್ಣ ಯುದ್ಧ ವಿಮಾನ ಕೂಡ ಬಹಳ ಮುದ್ದು, 1/72 ರಲ್ಲಿ 12 ಸೆಂಟಿಮೀಟರ್ ಹತ್ರ ಉದ್ದ ಅಷ್ಟೆ, ಬೆಂಗಳೂರಿಗೆ ಹೋದಾಗ ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಮ್ಮಿಗೆ ಹೋದ್ರೆ ಅದ್ರ ತಮ್ಮ ಅಜೀತ್, ಆಮೇಲೆ ಮಾರುತ್ ಯುದ್ಧ ವಿಮಾನ ಎಲ್ಲ ಹತ್ರದಿಂದ ನೋಡಿ ಫೋಟೋ ತಕ್ಕೊಳ್ಬಹುದು, ಚಕ್ರದ ಗೂಡಿನ ಒಳಗಿನ ಬಣ್ಣ ಎಂತದ್ದು ಅಂತ ಫೋಟೋದಲ್ಲಿ ಇದ್ರೆ ಆಮೇಲೆ ಉಪಯೋಗಕ್ಕೆ ಬರ್ತದೆ.

ಗಲ್ಫಿಂದ ಬರುವವ್ರ ಹತ್ರ ಕಿಟ್ ತರ್ಲಿಕ್ಕೆ ಹೇಳುದಾದ್ರೆ ಡಬ್ಬ ಮಾತ್ರ ಹೇಳಿ. ಪೈಂಟು, ತಿನ್ನರು, ಪ್ಲಾಸ್ಟಿಕ್ ಸಿಮೆಂಟು, ಸ್ಪ್ರೇ ಕ್ಯಾನು ಇವು ಹೆಚ್ಚಿನದ್ದು ಬೆಂಕಿ ಹಿಡಿಯುವ ಸಾಮಾನು, ವಿಮಾನದಲ್ಲಿ ಬಿಡುದಿಲ್ಲ, ಪಾಪ ಅವ್ರನ್ನು ಏರ್‌ಪೋರ್ಟಲ್ಲಿ ನಿಲ್ಲಿಸ್ಬೇಡಿ. ಅದನ್ನೆಲ್ಲ ಇಲ್ಲಿಯೇ ಹವ್ಯಾಸದ ಅಂಗಡಿಗಳಿಂದ ಆನ್‌ಲೈನಲ್ಲಿ ತರಿಸ್ಕೊಳ್ಳಿ.

ಇನ್ನು ಸಾಮಾನು. ಮೊದಲ ದಿನವೇ ಏರ್‌ಬ್ರಶ್, ಕಂಪ್ರೆಸರ್, ರೆಸಿನ್ ಸೀಟು, ತ್ರೀಡಿ ಪ್ರಿಂಟ್ ಡೀಕಾಲು ಅಂತ ಕಾರ್ಟಿಗೆ ಹಾಕ್ಬೇಡಿ, ಅದೆಲ್ಲ ಬಂದು ಕೂತು ಕಿಟ್ ಮಾತ್ರ ಆಗುದೇ ಇಲ್ಲ. ಖರ್ಚು ಮಾಡ್ಲೇಬೇಕಾದ್ದು ಮೂರಕ್ಕೆ: ಪ್ಲಾಸ್ಟಿಕ್ ಕತ್ತರಿಸುವ ಒಳ್ಳೆಯ ಸೈಡ್ ಕಟರ್, 11 ನಂಬ್ರದ ಬ್ಲೇಡ್ ಹಾಕುವ ಪೆನ್ನಿನಂತ ಚಾಕು, ತೆಳ್ಳಗಿನ ನೀರಿನಂತ ಪ್ಲಾಸ್ಟಿಕ್ ಸಿಮೆಂಟ್. ಬಾಕಿ ಎಲ್ಲ ಪೇಟೆಯಲ್ಲೇ ಉಂಟು. ಮೆಡಿಕಲಲ್ಲಿ ಸೂಜಿ ಇಲ್ಲದ ಸಿರಿಂಜು, ಇಯರ್ ಬಡ್ಸ್, ಗ್ಲೌಸು, ಐಸೊಪ್ರೊಪೈಲ್ ಆಲ್ಕೊಹಾಲು. ಫ್ಯಾನ್ಸಿ ಅಂಗಡಿಯಲ್ಲಿ ಉಗುರು ಉಜ್ಜುವ ಪಟ್ಟಿ, ಇದು ಸೀಮ್, ಅಂದ್ರೆ ಅಂಟಿಸಿದ ಸಂದಿ, ಉಜ್ಜಲಿಕ್ಕೆ ಭಾರೀ ಲಾಯ್ಕ. ಕಾರಿಗೆ ಪೈಂಟ್ ಮಾಡುವವ್ರು ಬಳಸುವ ನೀರು ಹಾಕಿ ಉಜ್ಜುವ ಎಮರಿ ಕಾಗದ 400, 600, 1000, 2000 ಒಂದೊಂದು ಹಾಳೆ. ಬಟ್ಟೆಗೆ ಹಾಕುವ ಕ್ಲಿಪ್ಪು, ರಬ್ಬರ್ ಬ್ಯಾಂಡು ಮನೆಯಲ್ಲೇ ಇರ್ತದೆ. ಉಗುರಿನ ಬಣ್ಣ ತೆಗೆಯುವ ಅಸಿಟೋನನ್ನೂ, ಅಂಗಡಿಯ ಎನ್‌ಸಿ ತಿನ್ನರನ್ನೂ ಮಾಡೆಲಿನ ಹತ್ರ ತರ್ಬೇಡಿ, ಎರಡೂ ಪ್ಲಾಸ್ಟಿಕನ್ನು ತಿಂತದೆ.

ಕಣ್ಣಿನ ವಿಷಯ. ಓದುವ ಕನ್ನಡಕದ ಮೇಲೆ ತಲೆಗೆ ಕಟ್ಟುವ ಭೂತಗನ್ನಡಿ ಒಂದು ಇದ್ರೆ ಅರ್ಧ ಕಷ್ಟ ಕಮ್ಮಿ. ಬೆಳಕು ಒಂದೇ ಕಡೆಯಿಂದ ಬೇಡ, ಎಡಕ್ಕೊಂದು ಬಲಕ್ಕೊಂದು ಬಿಳಿ ಎಲ್‌ಇಡಿ ಇಟ್ರೆ ಕೈಯ ನೆರಳು ಬೀಳುದಿಲ್ಲ. ಕರೆಂಟು ಹೋದ್ರೆ ಕೆಲಸ ನಿಲ್ಸಿ, ಮೊಬೈಲ್ ಟಾರ್ಚಲ್ಲಿ ಬ್ಲೇಡ್ ಹಿಡಿಯುದು ಬೇಡ, ಮೇಣದ ಬತ್ತಿಯನ್ನಂತೂ ತಿನ್ನರಿನ ಹತ್ರ ತರ್ಲೇಬೇಡಿ.

ಸರಿ, ಜೂನ್ ಬಂತು, ಹೊರಗೆ ಹೋಗ್ಲಿಕ್ಕಿಲ್ಲ, ಶುರು ಮಾಡುವಾ. ಪಾರ್ಟ್ಸ್ ಇರುವ ಫ್ರೇಮುಗಳನ್ನು ಪಾತ್ರೆ ತೊಳೆಯುವ ಸೋಪಲ್ಲಿ ಮೆಲ್ಲ ತೊಳೆದು ಒಣಗಿಸಿ, ಅಚ್ಚಿಂದ ಬಿಡಿಸ್ಲಿಕ್ಕೆ ಹಾಕಿದ ಎಣ್ಣೆ ಇದ್ರೆ ಪೈಂಟ್ ಹಿಡಿಯುದಿಲ್ಲ. ಪಾರ್ಟನ್ನು ಬೇರೆ ಮಾಡುವಾಗ ಒಂದೇ ಸಲ ಬುಡಕ್ಕೆ ಕತ್ತರಿಸ್ಬೇಡಿ, ಮೊದ್ಲು ಸ್ವಲ್ಪ ದೂರದಲ್ಲಿ, ಆಮೇಲೆ ಹತ್ರ, ಉಳಿದ ಚೂರನ್ನು ಚಾಕು ಮತ್ತು ಉಗುರಿನ ಪಟ್ಟಿಯಲ್ಲಿ. ಚಿಕ್ಕವರಿರುವಾಗ ಕೈಯಲ್ಲಿ ತಿರುಚಿ ಕಿತ್ತು ತೆಗೀತಿದ್ದದ್ದನ್ನು ಮರೆತುಬಿಡಿ. ಒಂದೊಂದು ಸಲಕ್ಕೆ ಬೇಕಾದಷ್ಟೇ ಪಾರ್ಟ್ ಬೇರೆ ಮಾಡಿ, ಎಲ್ಲ ಒಟ್ಟಿಗೆ ತೆಗೆದಿಟ್ರೆ ಯಾವುದು ಯಾವ ನಂಬ್ರ ಅಂತ ಹುಡುಕುದೇ ಕೆಲಸ, ನೆಲಕ್ಕೆ ಬಿದ್ದದ್ದಂತೂ ಸಿಕ್ಕಿದ್ರೆ ಪುಣ್ಯ.

ಅಂಟಿಸುವ ಕ್ರಮ ಪೂರ್ತಿ ಬದಲಾಗಿದೆ. ಹಿಂದೆ ಟ್ಯೂಬಿಂದ ದಪ್ಪಗೆ ಹಚ್ಚಿ ಒತ್ತುದು, ಬದಿಯಿಂದ ಎಲ್ಲ ಹೊರಗೆ ಬರುದು, ಬೆರಳಿನ ಗುರುತು ರೆಕ್ಕೆ ಮೇಲೆ ಶಾಶ್ವತ. ಈಗಿನ ತೆಳ್ಳಗಿನ ಸಿಮೆಂಟನ್ನು ಮೊದ್ಲು ಹಚ್ಚುದೇ ಅಲ್ಲ. ಒಣಗೇ ಜೋಡಿಸಿ ನೋಡಿ, ಸರಿ ಕೂತಿದೆ ಅಂತ ಗೊತ್ತಾದ್ಮೇಲೆ ಹಾಗೇ ಒತ್ತಿ ಹಿಡ್ಕೊಂಡು ಆ ಸಂದಿಗೆ ಬ್ರಶ್ಶಿನ ತುದಿ ತಾಗಿಸಿ, ಅಷ್ಟೇ, ಗಮ್ಮು ತಾನಾಗಿ ಸಂದಿಯಲ್ಲಿ ಓಡಿಕೊಂಡು ಹೋಗ್ತದೆ. ಅದು ಎರಡೂ ಕಡೆಯ ಪ್ಲಾಸ್ಟಿಕನ್ನು ಸ್ವಲ್ಪ ಕರಗಿಸಿ ಒಂದು ಮಾಡುದು, ವೆಲ್ಡಿಂಗ್ ಇದ್ದ ಹಾಗೆ. ಸಂದಿಯ ಮೇಲೆ ಬೆರಳಿಟ್ಟು ಹಿಡಿದ್ರೆ ಬೆರಳಿನ ಅಡಿಗೂ ಓಡ್ತದೆ, ಹಾಗಾಗಿ ಬೆರಳು ಸ್ವಲ್ಪ ದೂರ ಇರ್ಲಿ. ಕರಗಿಸಿ ಅಂಟಿಸುದು ಅಂದ್ಮೇಲೆ ಪೈಂಟ್ ಮಾಡಿದ ಜಾಗದಲ್ಲಿ ಅದು ಸರಿ ಹಿಡಿಯುದಿಲ್ಲ, ಅಂಟುವ ಅಂಚಿಂದ ಪೈಂಟನ್ನು ಕೆರೆದು ತೆಗೀಬೇಕು. ಒಂದು ದಿನ ಬಿಟ್ಟೇ ಉಜ್ಜಲಿಕ್ಕೆ ಶುರು ಮಾಡಿ.

ಫೆವಿಕ್ವಿಕ್ ಇದೆಯಲ್ಲ, ಅಂತ ಸೂಪರ್ ಗ್ಲೂ ಲೋಹ, ರೆಸಿನ್ ಪಾರ್ಟಿಗೆ ಬೇಕಾಗ್ತದೆ, ಅದು ಗಾಳಿಯಲ್ಲಿರುವ ತೇವಕ್ಕೆ ಗಟ್ಟಿಯಾಗುವ ಜಾತಿ, ಆಟಿ ತಿಂಗಳ ಜೋರು ಮಳೆಯಲ್ಲಿ ಕಣ್ಣು ಮುಚ್ಚಿ ತೆರೆಯುವುದ್ರಲ್ಲಿ ಹಿಡೀತದೆ, ಬಾಟ್ಲಿಯೊಳಗೇ ಗಟ್ಟಿಯಾಗುದೂ ಅಷ್ಟೇ ಬೇಗ. ಮಾತ್ರೆ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಗಾಳಿಯಾಡದ ಡಬ್ಬದಲ್ಲಿ ಇಡಿ. ಕಾಕ್‌ಪಿಟ್ಟಿನ ಗಾಜಿಗೆ ಮಾತ್ರ ಅದನ್ನು ಬಳಸ್ಬಾರ್ದು, ಅದ್ರ ಆವಿಗೆ ಗಾಜು ಬೆಳ್ಳಗೆ ಮಂಜಾಗ್ತದೆ. ಅಲ್ಲಿಗೆ ಬಿಳಿ ಫೆವಿಕಾಲ್ ಸಾಕು, ಒಣಗಿದ್ರೆ ಕಾಣುದಿಲ್ಲ, ಹೆಚ್ಚಾದ್ದನ್ನು ಒದ್ದೆ ಇಯರ್ ಬಡ್ಡಲ್ಲಿ ಒರೆಸ್ಬಹುದು.

ಕಾಕ್‌ಪಿಟ್ ಮೊದ್ಲು. ಬಾಡಿ ಮುಚ್ಚುವ ಮೊದ್ಲೇ ಒಳಗೆಲ್ಲ ಪೈಂಟ್ ಆಗ್ಬೇಕು, ಸಣ್ಣ ಜಾಗ, ಬ್ರಶ್ಶಲ್ಲಿ ಆಕ್ರಿಲಿಕ್ ಹಾಕುದಾದ್ರೆ ಮಳೆಗಾಲದಲ್ಲೂ ಆಗ್ತದೆ. ಮಿಗ್ಗಿಗೆ ರಷ್ಯಾದವ್ರ ಆ ನೀಲಿ ಹಸಿರು ಬಣ್ಣ, ನೋಡಿದವ್ರು ಕೂಡ್ಲೆ ಗುರುತು ಹಿಡೀತಾರೆ. ಮುಚ್ಚುವ ಮೊದ್ಲು ಇನ್ನೊಂದು ಕೆಲಸ, ಮೂಗಿನ ಅಡಿಯಲ್ಲಿ ಚಕ್ರ ಇರುವ ವಿಮಾನ ಹಿಂದಕ್ಕೆ ವಾಲಿ ಬಾಲದ ಮೇಲೆ ಕೂರ್ತದೆ, ಅದಕ್ಕೆ ಮೂಗಿನೊಳಗೆ ಭಾರ ಬೇಕು. ಮೀನು ಹಿಡಿಯುವ ಬಲೆಗೆ ಗಾಳಕ್ಕೆ ಕಟ್ಟುವ ಸೀಸದ ಗುಂಡು ಕುಂಬಳೆ, ಮಂಜೇಶ್ವರ, ಕಾಸರಗೋಡು ಕಡೆ ಎಲ್ಲಿಯೂ ಸಿಗ್ತದೆ, ಇಂಗ್ಲೆಂಡಿನವ್ರು ಇದಕ್ಕೇ ದುಡ್ಡು ಕೊಟ್ಟು ತರಿಸ್ತಾರೆ. ಆದ್ರೆ ಅದನ್ನು ಫೆವಿಕಾಲಲ್ಲಿ ಕೂರಿಸ್ಬೇಡಿ. ಬಿಳಿ ಗಮ್ಮಿನ ಆಮ್ಲಕ್ಕೆ ಸೀಸ ನಿಧಾನ ಬಿಳಿ ಪುಡಿಯಾಗಿ ಉಬ್ಬುತ್ತದೆ, ಕೆಲವು ವರ್ಷ ಕಳೆದ ಮೇಲೆ ವಿಮಾನದ ಮೂಗೇ ಒಡೀಬಹುದು. ಅರಾಲ್ಡೈಟ್ ಹಾಕಿ ಕೂರಿಸಿ, ಸೀಸ ಮುಟ್ಟಿದ ಕೈ ತೊಳೀರಿ. ಎಷ್ಟು ಭಾರ ಅಂತ ನೋಡ್ಲಿಕ್ಕೆ ಬಾಡಿ, ರೆಕ್ಕೆಯನ್ನು ಟೇಪಲ್ಲಿ ಜೋಡಿಸಿ ಹಿಂದಿನ ಚಕ್ರ ಬರುವ ಜಾಗದಲ್ಲಿ ಬೆರಳ ಮೇಲೆ ತೂಗಿಸಿ, ಮೂಗು ಕೆಳಗೆ ಹೋದ್ರೆ ಸರಿ, ಅದ್ರ ಮೇಲೆ ಇನ್ನೂ ಒಂದು ಗುಂಡು ಜಾಸ್ತಿ ಇರ್ಲಿ.

ರೆಕ್ಕೆ ಅಂಟಿಸಿದ್ಮೇಲೆ ಎದುರಿಂದ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಎರಡೂ ಕಡೆ ಒಂದೇ ಎತ್ತರ ಉಂಟಾ ಅಂತ. ಬಾಲದ ರೆಕ್ಕೆಯೂ ಹಾಗೆ. ಸಂದಿ ಉಳಿದ್ರೆ ಪುಟ್ಟಿ, ಅಥವಾ ಅದೇ ಕಿಟ್ಟಿನ ಫ್ರೇಮ್ ಚೂರುಗಳನ್ನು ಸ್ವಲ್ಪ ಸಿಮೆಂಟಲ್ಲಿ ನೆನೆಸಿಟ್ರೆ ಪಾಯಸದ ಹದಕ್ಕೆ ಬರ್ತದೆ, ಅದನ್ನು ತುಂಬಿಸಿ ಎರಡು ಮೂರು ದಿನ ಬಿಟ್ಟು ಉಜ್ಜಿ. ಉಜ್ಜುದು ಯಾವಾಗ್ಲೂ ನೀರು ಹಾಕಿ, ಧೂಳು ಏಳುದಿಲ್ಲ. ರೆಸಿನ್ ಪಾರ್ಟಾದ್ರೆ ಇದು ಕಡ್ಡಾಯ, ಆ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ. ಇಷ್ಟಾಗಿ ಕಾಕ್‌ಪಿಟ್ ಗಾಜಿಗೆ ಮಾಸ್ಕಿಂಗ್ ಟೇಪ್ ಹಾಕಿ ಕೂರಿಸಿದ್ರೆ ಮಳೆಗಾಲದ ಪಾಲು ಮುಗೀತು. ಧೂಳು ಕೂರದ ಹಾಗೆ ಡಬ್ಬದಲ್ಲಿ ಮುಚ್ಚಿಡಿ, ಬೇಕಾದ್ರೆ ಎರಡನೇ ಕಿಟ್ ಶುರು ಮಾಡಿ.

ಮಳೆಯಲ್ಲೇ ಸ್ಪ್ರೇ ಮಾಡಿದ್ರೆ ಎಂತ ಆಗ್ತದೆ ಅಂತ ಕೇಳ್ತೀರಿ. ಲ್ಯಾಕರ್ ಪೈಂಟಿನ ತಿನ್ನರ್ ಬೇಗ ಆವಿಯಾಗ್ತದೆ, ಆಗುವಾಗ ಮೇಲ್ಮೈಯನ್ನು ತಣ್ಣಗೆ ಮಾಡ್ತದೆ, ತಣ್ಣಗಾದ ಕಡೆ ಗಾಳಿಯ ನೀರು ಬಂದು ಕೂರ್ತದೆ, ಆ ನೀರು ಪೈಂಟಿನೊಳಗೆ ಸಿಕ್ಕಿಬಿದ್ದು ಬಿಳಿ ಬಿಳಿ ಮಬ್ಬು. ಕ್ಲಿಯರ್ ವಾರ್ನಿಶ್ಶಲ್ಲಿ ಇದು ಇನ್ನೂ ಜೋರು, ಎಲ್ಲ ಕೆಲಸ ಮುಗಿದ ಮೇಲೆ ಕೊಡುವ ಕೋಟ್ ಅದು, ಅಲ್ಲಿ ಹೀಗಾದ್ರೆ ಅಳು ಬರ್ತದೆ. ನವೆಂಬರಲ್ಲಿಯೂ ಬೆಳಿಗ್ಗೆ ಬೇಗ ಬೇಡ, ಹನ್ನೊಂದು ಗಂಟೆ ಮೇಲೆ ಒಳ್ಳೆ ಬಿಸಿಲು ಬಂದ್ಮೇಲೆ ಜಗಲಿಯಲ್ಲಿ ಕೂತು ಮಾಡಿ. ಅಂಗಳದಲ್ಲಿ ಅಡಿಕೆ ಒಣಗಲಿಕ್ಕೆ ಹಾಕಿದ್ರೆ ಗಾಳಿ ಯಾವ ಕಡೆ ಅಂತ ನೋಡ್ಕೊಳ್ಳಿ, ಬೂದು ಬಣ್ಣದ ಅಡಿಕೆಗೆ ರೇಟ್ ಸಿಗ್ಲಿಕ್ಕಿಲ್ಲ.

ಮೊದಲ ಕಿಟ್ಟಿಗೆ ಬ್ರಶ್ ಸಾಕು ಅಂತ ನನ್ನ ವಾದ. ವ್ಯಾಲೆಹೋ ಕಂಪನಿಯದ್ದಂತ ಆಕ್ರಿಲಿಕ್ ನೀರಲ್ಲಿ ತೆಳು ಮಾಡಿ ಚಪ್ಪಟೆ ಬ್ರಶ್ಶಲ್ಲಿ ಮೂರು ತೆಳು ಕೋಟ್ ಕೊಟ್ರೆ ಬ್ರಶ್ಶಿನ ಗೆರೆ ಕಾಣುದಿಲ್ಲ, ಒಂದು ಕೋಟ್ ಒಣಗುವ ಮೊದ್ಲು ಅದ್ರ ಮೇಲೆ ಪುನಃ ಎಳೀಬಾರ್ದು ಅಷ್ಟೆ. ತಾಮಿಯಾ ಆಕ್ರಿಲಿಕ್ ಏರ್‌ಬ್ರಶ್ಶಿಗೆ ಹೇಳಿ ಮಾಡಿಸಿದ್ದು, ಬ್ರಶ್ಶಿಗೆ ಅಷ್ಟು ಒಗ್ಗುದಿಲ್ಲ, ಅಡಿಯ ಕೋಟ್ ಎದ್ದು ಬರ್ತದೆ. ಮೊದ್ಲು ಬೂದು ಪ್ರೈಮರ್ ಸ್ಪ್ರೇ ಕ್ಯಾನಲ್ಲಿ, ಒಂದಡಿ ಹತ್ರ ದೂರದಿಂದ, ತೆಳ್ಳಗೆ, ಕೈ ನಿಲ್ಲಿಸದೆ. ಉಜ್ಜಿದ್ದು ಸಾಕಾಗದ ಜಾಗ ಎಲ್ಲ ಪ್ರೈಮರ್ ಹಾಕಿದ್ಮೇಲೆಯೇ ಕಾಣುದು, ತಿದ್ದಿ ಪುನಃ ಹಾಕಿ. ಮುಂದೆ ಏರ್‌ಬ್ರಶ್ ತಕ್ಕೊಳ್ಳುದಾದ್ರೆ 0.3 ಮಿಲಿಮೀಟರ್ ನಾಝಲಿನ ಡಬಲ್ ಆಕ್ಷನ್ (ಗಾಳಿ, ಪೈಂಟು ಎರಡನ್ನೂ ಬೇರೆ ಬೇರೆ ಹಿಡಿತದಲ್ಲಿ ಇಡುವಂತದ್ದು), ಪೈಂಟನ್ನು ಹಾಲಿನಷ್ಟು ತೆಳು ಮಾಡಿ 15ರಿಂದ 20 ಪಿಎಸ್‌ಐ ಒತ್ತಡದಲ್ಲಿ ಶುರು ಮಾಡಿ, ಕಂಪ್ರೆಸರಿಗೆ ನೀರು ಹಿಡಿಯುವ ಟ್ರ್ಯಾಪ್ ಇಲ್ಲದೆ ನಮ್ಮ ಊರಲ್ಲಿ ಆಗುದೇ ಇಲ್ಲ. ಕೊರೊನಾ ಕಾಲದ ಎನ್95 ಮಾಸ್ಕ್ ಧೂಳಿಗೆ ಆಯ್ತು, ತಿನ್ನರ್ ಆವಿಗೆ ಆಗುದಿಲ್ಲ, ಅದಕ್ಕೆ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು.

ಪೈಂಟ್ ಒಣಗಿದ್ಮೇಲೆ ಗ್ಲಾಸ್ ಕೋಟ್, ಅದ್ರ ಮೇಲೆ ಡೀಕಾಲ್. ಮ್ಯಾಟ್, ಅಂದ್ರೆ ಹೊಳಪಿಲ್ಲದ, ಪೈಂಟಿನ ಮೇಲೆ ನೇರ ಹಾಕಿದ್ರೆ ಅಡಿಯಲ್ಲಿ ಗಾಳಿ ಉಳಿದು ಬೆಳ್ಳಿಯ ಹಾಗೆ ಮಿನುಗ್ತದೆ. ಉಗುರುಬೆಚ್ಚಗಿನ ನೀರಲ್ಲಿ ಅರ್ಧ ನಿಮಿಷದೊಳಗೆ ಅದ್ದಿ ತೆಗೆದು ಟಿಶ್ಯೂ ಮೇಲೆ ಇಟ್ಟು ತಾನಾಗಿ ಜಾರುವವರೆಗೆ ಕಾಯಿರಿ. ಮೇಲಿಂದ ಹಚ್ಚುವ ಸಾಫ್ಟ್‌ನರ್ ಹಾಕಿದ್ರೆ ಡೀಕಾಲ್ ಸುಕ್ಕುಸುಕ್ಕಾಗಿ ಹೆದರಿಸ್ತದೆ, ಮುಟ್ಬೇಡಿ, ಅದೇ ಎಳ್ಕೊಂಡು ಗೆರೆಯೊಳಗೆ ಕೂರ್ತದೆ. ಈಗಿನ ನಮ್ಮ ವಾಯುಪಡೆಯ ಗುರುತಾದ ಮೂರು ಬಣ್ಣದ ವೃತ್ತದಲ್ಲಿ ಕೇಸರಿ ನಡುವಿಗೆ, ಹಸಿರು ಹೊರಗೆ, ಇದನ್ನು ಉಲ್ಟಾ ಮಾಡಿದ ಫೋಟೋಗಳು ಎಷ್ಟೋ ಉಂಟು. ಆಮೇಲೆ ಕಡು ಕಂದು ಎನಾಮಲನ್ನು ತೆಳು ಮಾಡಿ ಗೆರೆಗಳಿಗೆ ಬಿಟ್ಟು ಒರೆಸಿ, ಅದು ಆಕ್ರಿಲಿಕ್ ಗ್ಲಾಸನ್ನು ಕರಗಿಸುದಿಲ್ಲ. ಎಲ್ಲ ಮುಗಿದು ಮ್ಯಾಟ್ ವಾರ್ನಿಶ್.

ಚಕ್ರ, ಬಾಗಿಲು, ಆಂಟೆನಾ ಎಲ್ಲ ಕೊನೆಗೆ. ಮಿಗ್ಗಿನ ಮೂಗಿನ ಪೀಟೋ ಕೋಲು (ವೇಗ ಅಳೆಯುವ ಕೊಳವೆ) ಹೇಗೂ ಒಂದು ದಿನ ಮುರೀತದೆ, ಮೊದ್ಲೇ ತೆಗೆದು ಹೊಲಿಗೆ ಸೂಜಿ ಹಾಕಿಬಿಡಿ, ತುದಿಯನ್ನು ಸ್ವಲ್ಪ ಮೊಂಡು ಮಾಡಿ, ಮಕ್ಕಳಿರುವ ಮನೆ ಅಲ್ವಾ. ಇಡುದು ಗಾಜಿನ ಬಾಗಿಲಿನ ಕಪಾಟಲ್ಲಿ, ನೇರ ಬಿಸಿಲು ಬೀಳದ ಕಡೆ, ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಜೂನ್ ಶುರುವಿಗೆ ಒಮ್ಮೆ ಬದಲಿಸಿ. ಉಳಿದ ಡೀಕಾಲ್ ಹಾಳೆಯನ್ನು ಜಿಪ್ ಲಾಕಲ್ಲಿ ಹಾಕಿ ಸ್ಟೀಲ್ ಡಬ್ಬದೊಳಗೆ ಇಡಿ, ಜಿರಳೆಗೆ ಸಿಗದ ಹಾಗೆ. ಇನ್ನು ಅಟ್ಟದ ಆ ಹಳೇ ಡಬ್ಬ ತೆಗೀಬಹುದು.